ಸ್ವಚ್ಛ ಮಾಡಿಸದೆ ಬಿಟ್ಟ ಮೂಲೆ

ಕೊರೊನಾ ಕಳೆದು ಐಟಿ ಕಂಪನಿಗಳು ತಮ್ಮ ಜನರನ್ನು ಮತ್ತೆ ಆಫೀಸಿಗೆ ಕರೆಸಿಕೊಂಡ ವರ್ಷ ನಾನು ಹೈದರಾಬಾದಿನ ಮಣಿಕೊಂಡದ ಕಡೆ ಒಂದು ವಾರ್ಡಿನಲ್ಲಿ ಸ್ಯಾನಿಟರಿ ಇನ್‌ಸ್ಪೆಕ್ಟರ್ ಆಗಿದ್ದೆ. ನಿವೃತ್ತಿಗೆ ಇನ್ನು ಎರಡೂವರೆ ವರ್ಷ ಉಳಿದಿತ್ತು. ನಮ್ಮದು ಬೀದರ್ ಕಡೆಯ ಮನೆತನ, ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಮೇಲಧಿಕಾರಿ ಸಿಟ್ಟಾದರೆ ಹಿಂದಿ. ಕೆಲಸವೇನೂ ಹೇಳಿಕೊಳ್ಳುವಂಥದ್ದಲ್ಲ. ನಸುಕಿನಲ್ಲಿ ಗುಡಿಸುವ ಹೆಂಗಸರ ಹಾಜರಿ, ಆಮೇಲೆ ಕಸದ ಆಟೋಗಳ ಹಿಂದೆ ಓಡಾಟ, ಮಧ್ಯಾಹ್ನ ವಾಟ್ಸಾಪಿನಲ್ಲಿ ಬಂದ ದೂರುಗಳಿಗೆ ಫೋಟೊ ಸಮೇತ ಉತ್ತರ. ವರ್ಷಗಟ್ಟಲೆ ಕಸದ ನಡುವೆ ಇದ್ದವನಿಗೆ ಮೊದಲು ಮರಗಟ್ಟುವುದು ಮೂಗು. ಮನಸ್ಸು ಯಾವಾಗ ಮರಗಟ್ಟಿತೋ ನನಗೆ ಗೊತ್ತಾಗಲೇ ಇಲ್ಲ.

ಆ ವಾರ್ಡಿನಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳ ಸಾಲು ಮುಗಿದು ಚಿಕ್ಕ ಮನೆಗಳ ಹಳೆಯ ಬಸ್ತಿ ಶುರುವಾಗುವಲ್ಲಿ ಒಂದು ಬೇವಿನ ಮರವಿತ್ತು. ಅದರ ಬುಡವೇ ನನ್ನ ತಲೆನೋವು. ಕಡತದಲ್ಲಿ ಇಂಥ ಜಾಗಕ್ಕೆ ಜಿವಿಪಿ ಎನ್ನುತ್ತಿದ್ದೆವು, ಎಂದರೆ ಎಷ್ಟು ಬೇಡವೆಂದರೂ ಜನ ಕಸ ತಂದು ಸುರಿಯುವ ಜಾಗ. ಆಫೀಸಿಗೆ ಹೊರಟವರು ಬೈಕ್ ನಿಲ್ಲಿಸದೆಯೇ ಚೀಲ ಎಸೆದು ಹೋಗುತ್ತಿದ್ದರು. ಅಪಾರ್ಟ್‌ಮೆಂಟಿನ ನಾಯಿಗಳಿಗೂ ಬೆಳಗಿನ ಕಾರ್ಯಕ್ಕೆ ಅದೇ ಜಾಗ. ರಸ್ತೆಯಲ್ಲಿ ನಾಯಿ ಹೇಲಿಸಿ ಎತ್ತದೆ ಹೋದವರಿಗೆ ದಂಡ ಹಾಕುವ ಅಧಿಕಾರವೇನೋ ನನಗಿತ್ತು, ಆದರೆ ನಾಯಿಗೆ ನಂಬರ್ ಪ್ಲೇಟ್ ಇರುವುದಿಲ್ಲವಲ್ಲ. ಒಂದು ದಿನ ಲ್ಯಾಬ್ರಡಾರ್ ಹಿಡಿದು ನಿಂತಿದ್ದ ಬೆಂಗಳೂರಿನ ಹುಡುಗನೊಬ್ಬನನ್ನು ತಡೆದು ಕೇಳಿದೆ. ನಾನು ಕನ್ನಡ ಮಾತಾಡಿದ್ದಕ್ಕೆ ಅವನಿಗೆ ಖುಷಿಯೇ ಆಯಿತು. "ಸಾರ್, ಒಳಗಡೆ ಪಾರ್ಕಲ್ಲಿ ಮಾಡಿಸಿದ್ರೆ ಅಸೋಸಿಯೇಷನ್ನವ್ರು ಫೈನ್ ಹಾಕ್ತಾರೆ. ಇದು ಹೇಗೂ ಕಸದ ಜಾಗ ಅಲ್ವಾ?" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಅದನ್ನೆಲ್ಲ ದಿನಾ ಎತ್ತುತ್ತಿದ್ದವಳು ಶರಣಮ್ಮ. ಯಾದಗಿರಿ ಕಡೆಯವಳು, ಕಟ್ಟಡದ ಕೂಲಿಗೆಂದು ಗಂಡನ ಜೊತೆ ಬಂದು, ಗಂಡ ಹೋದ ಮೇಲೆ ಪೊರಕೆ ಹಿಡಿದವಳು. ನನಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬಹುದು. ಬಾಯಿ ಜೋರು, ಕೆಲಸವೂ ಅಷ್ಟೇ ಜೋರು. ಆಕೆಗೆ ಪದೇ ಪದೇ ಉರಿಮೂತ್ರ ಬಂದು ರಜೆ ಹಾಕುತ್ತಿದ್ದಳು. ಬಿಸಿಲಿನಲ್ಲಿ ನೀರಾದರೂ ಸರಿಯಾಗಿ ಕುಡಿಯಬಾರದೇ ಎಂದು ಒಮ್ಮೆ ಗದರಿಸಿದೆ.

"ಕುಡದ್ರ ಎಲ್ಲಿ ಹೋಗ್ಲಿ ಸಾಬ್ರ? ಮೊದಲ ಆ ಅರ್ಧ ಕಟ್ಟಿದ ಬಿಲ್ಡಿಂಗ್ ಇತ್ತು, ಅದರ ಹಿಂದ ಹೋಗ್ತಿದ್ವಿ. ಈಗ ಅಲ್ಲಿ ಮಂದಿ ಇರಾಕತ್ತ್ಯಾರ. ಪೆಟ್ರೋಲ್ ಬಂಕಿನ್ಯಾಂವ ಪೊರಕಿ ನೋಡಿದ ಕೂಡ್ಲೆ ಬೀಗ ಹಾಕ್ತಾನ್ರಿ."

ಊರಿನ ಹೊಲಸು ತೆಗೆಯುವ ಹೆಂಗಸರಿಗೆ ಎಂಟು ತಾಸಿನ ಕೆಲಸದಲ್ಲಿ ಒಮ್ಮೆ ಕೂರಲು ಒಂದು ಗೋಡೆಯ ಮರೆಯೂ ಇರಲಿಲ್ಲ. ನನಗೆ ಇದು ಗೊತ್ತಿರದ ಸಂಗತಿಯಲ್ಲ. ಗೊತ್ತಿದ್ದೂ ಗೊತ್ತಿದ್ದೂ ರೂಢಿಯಾಗಿಬಿಟ್ಟಿತ್ತು.

ಆ ಹೊತ್ತಿಗೆ ಒಂದು ಯೋಜನೆ ಬಂತು. ಕಾಲೊನಿಯವರು ಒಂದು ಪಾಲು ಕೂಡಿಸಿದರೆ ಉಳಿದದ್ದನ್ನು ಸ್ಥಳೀಯ ಆಡಳಿತ ಕೊಡುವುದು, ಯಾವ ಕಾಮಗಾರಿ ಎಂಬುದನ್ನು ಇಬ್ಬರೂ ಕೂತು ಗೊತ್ತುಮಾಡುವುದು. ಸಂಕ್ರಾಂತಿ ಕಳೆದ ಮೇಲೆ ನಿವಾಸಿಗಳ ಸಂಘದ ಅಧ್ಯಕ್ಷ ಪ್ರಸಾದರಾವ್ ಅವರ ಮನೆಗೆ ಹೋದೆ. ಬ್ಯಾಂಕಿನಿಂದ ನಿವೃತ್ತರಾದ ಸಭ್ಯಸ್ಥರು. ಅವರಿಗೆ ಓಪನ್ ಜಿಮ್ ಬೇಕಿತ್ತು. ನಾನು ಬೇವಿನ ಮರದ ಬುಡದಲ್ಲಿ ಗುಡಿಸುವ ಹೆಂಗಸರಿಗೆ ಒಂದು ಶೌಚಾಲಯ, ಬಟ್ಟೆ ಬದಲಿಸಲು ಒಂದು ಪುಟ್ಟ ಕೋಣೆ ಕೇಳಿದೆ. ಎರಡು ಸಲ ಕಾಫಿ ಕುಡಿದ ಮೇಲೆ ಒಪ್ಪಿದರು. ಆದರೆ ಒಂದು ಷರತ್ತು. "ಮೊದಲು ಆ ಮೂಲೆ ಮೂರು ತಿಂಗಳು ಸ್ವಚ್ಛವಾಗಿ ಉಳಿಯಲಿ ಇನ್‌ಸ್ಪೆಕ್ಟರ್‌ಗಾರು. ಕಸದ ಗುಡ್ಡೆ ಮೇಲೆ ದುಡ್ಡು ಹಾಕಿ ಅಂದರೆ ನಮ್ಮವರು ಯಾರೂ ಕೊಡುವುದಿಲ್ಲ" ಎಂದರು. ನ್ಯಾಯವಾದ ಮಾತೆಂದೇ ಆಗ ತೋರಿತು.

ಯುಗಾದಿಯ ಮರುದಿನ ಜೆಸಿಬಿ ತರಿಸಿ ಮೂಲೆಯ ಕಸ ಎತ್ತಿಸಿದೆ. ನೆಲ ತೊಳೆಸಿ ಬ್ಲೀಚಿಂಗ್ ಹೊಡೆಸಿದೆ. ಹೀಗೆ ತೆರವು ಮಾಡಿದ ಜಾಗದಲ್ಲಿ ಸುಣ್ಣದ ಪುಡಿಯಿಂದ ರಂಗೋಲಿ ಹಾಕಿಸುವುದು ನಮ್ಮಲ್ಲಿನ ಪದ್ಧತಿ. ಬೋರ್ಡಿಗೆ, ದಂಡಕ್ಕೆ ಹೆದರದವನೂ ರಂಗೋಲಿಯ ಮೇಲೆ ಚೀಲ ಎಸೆಯಲು ಹಿಂದೆಮುಂದೆ ನೋಡುತ್ತಾನೆ. ಆ ಕೆಲಸ ಶರಣಮ್ಮನದು. ಕೈ ಚೆನ್ನಾಗಿತ್ತು, ದಿನಕ್ಕೊಂದು ನಮೂನೆ ಎಳೆಯುತ್ತಿದ್ದಳು. ಮೊದಲ ವಾರ ಚೀಲ ಬೀಳುವುದು ಕಮ್ಮಿಯಾಯಿತು. ನಾಯಿಗಳದು ಮಾತ್ರ ಹಾಗೇ ನಡೆದಿತ್ತು, ಚುಕ್ಕಿ ಎಳೆಗಳ ಮೇಲೆಯೇ ಮುಗಿಸಿ ಹೋಗುತ್ತಿದ್ದವು.

ಮುಂದಿನ ಶುಕ್ರವಾರ ಹೋಗಿ ನೋಡಿದರೆ ರಂಗೋಲಿಯ ನಟ್ಟನಡುವೆ ಅರಿಶಿನ ಕುಂಕುಮ.

"ಶುಕ್ರವಾರ ಐತಲ್ರಿ ಸಾಬ್ರ. ಬೇವಿನ ಗಿಡದ ಬುಡಕ ಬರೇ ಸುಣ್ಣ ಹಾಕಿ ಹೆಂಗ ಬಿಡೂದು? ಮನಿಯಿಂದ ಒಂದು ಚಿಟಿಕಿ ತಂದು ಇಟ್ಟೀನಿ" ಎಂದಳು ಶರಣಮ್ಮ.

ನಾನು ನಕ್ಕು ಫೋಟೊ ತೆಗೆದುಕೊಂಡೆ. ಅವತ್ತಿನಿಂದ ನಾಯಿ ಹಿಡಿದವರು ರಸ್ತೆಯ ಆಚೆ ಬದಿಗೆ ಸರಿದರು. ಲ್ಯಾಬ್ರಡಾರ್ ಹುಡುಗ ಚಪ್ಪಲಿ ಬಿಚ್ಚಿ ಕೈ ಮುಗಿದು ಹೋದದ್ದನ್ನು ನಾನೇ ಕಂಡೆ. ಮೇಲಿನವರು ಮೆಚ್ಚಿದರು, ಬೇರೆ ವಾರ್ಡುಗಳಿಗೆ ನನ್ನ ಫೋಟೊ ಕಳಿಸಿದರು. ಆಮೇಲೆ ಮೂರು ತಿಂಗಳು ತುಂಬುವವರೆಗೆ ಒಂದೇ ಒಂದು ಚೀಲ ಬೀಳಲಿಲ್ಲ. ಪ್ರಸಾದರಾವ್ ಮಾತಿಗೆ ತಪ್ಪಲಿಲ್ಲ, ತಮ್ಮ ಪಾಲು ಕಟ್ಟಿದರು. ಟೆಂಡರಿಗೆ ಹಾಕಿದೆವು. ಅದು ನಮ್ಮಲ್ಲಿ ಯಾವತ್ತೂ ಆಗುವಂತೆ ಒಂದು ತಿಂಗಳು ತಡವಾಯಿತು. ಆ ತಿಂಗಳು ಆಷಾಢ.

ಆಷಾಢದಲ್ಲಿ ಹೈದರಾಬಾದಿನ ತುಂಬ ಬೋನಾಲು ಹಬ್ಬ. ಹೆಂಗಸರು ಅನ್ನದ ಗಡಿಗೆಗೆ ಬೇವು ಕಟ್ಟಿ, ಮೇಲೆ ದೀಪವಿಟ್ಟು, ತಲೆಯ ಮೇಲೆ ಹೊತ್ತು ಊರದೇವತೆ ಅಮ್ಮನಿಗೆ ಒಪ್ಪಿಸುತ್ತಾರೆ. ಆ ಮೂಲೆಯಲ್ಲಿ ಮೊದಲು ಯಾರೋ ನಿಂಬೆಹಣ್ಣು ಇಟ್ಟರು. ಮತ್ತೊಬ್ಬರು ದೀಪ ಇಟ್ಟರು. ಒಂದು ಸೋಮವಾರ ನಾನು ಹೋಗುವಷ್ಟರಲ್ಲಿ ಅರಿಶಿನ ಬಳಿದ ಕಲ್ಲೊಂದು ಬೆಳ್ಳಿಯ ಕಣ್ಣು ಅಂಟಿಸಿಕೊಂಡು ಕೂತಿತ್ತು. ಯಾರು ತಂದರೆಂದು ಕೇಳಿದರೆ ಬಸ್ತಿಯವರು ಅಪಾರ್ಟ್‌ಮೆಂಟಿನವರೆಂದರು, ಅಪಾರ್ಟ್‌ಮೆಂಟಿನವರು ಬಸ್ತಿಯವರೆಂದರು. ಹೆಸರು ಮಾತ್ರ ಇಬ್ಬರೂ ಒಂದೇ ಹೇಳಿದರು, ಮೈಸಮ್ಮ.

ಗುತ್ತಿಗೆದಾರ ಪಾಯದ ಗುರುತು ಹಾಕಲು ಬಂದ ದಿನ ಜನ ಸೇರಿದರು. ಅಮ್ಮನ ಮಗ್ಗುಲಲ್ಲಿ ಪಾಯಖಾನೆಯೇ ಎಂದು ಹೆಂಗಸರು ಜಗಳಕ್ಕೆ ನಿಂತರು. ಪ್ರಸಾದರಾವ್ ನನ್ನನ್ನು ಪಕ್ಕಕ್ಕೆ ಕರೆದು, ಬೇರೆ ಎಲ್ಲಿಯಾದರೂ ಕಟ್ಟಿ ಎಂದರು. ಆದರೆ ಯಾವ ಅಪಾರ್ಟ್‌ಮೆಂಟಿನವರಿಗೂ ತಮ್ಮ ಗೇಟಿನ ಹತ್ತಿರ ಅದು ಬೇಡವಾಗಿತ್ತು.

ಮೇಲಧಿಕಾರಿಯ ಹತ್ತಿರ ಹೋದೆ. ಅವರು ಒಂದು ದಾರಿ ಹೇಳಿದರು. ಜಾಗ ಸರ್ಕಾರದ್ದು, ಕಲ್ಲು ಕೂತು ತಿಂಗಳೂ ಆಗಿಲ್ಲ. ಪೂಜಾರಿಯನ್ನು ಕರೆಸಿ, ಶಾಸ್ತ್ರಬದ್ಧವಾಗಿ ಬಸ್ತಿಯ ಹಳೆಯ ಗುಡಿಗೆ ಸಾಗಿಸಬಹುದು. ಆದರೆ ಗುಡಿಸುವ ಹೆಂಗಸರು ಎಲ್ಲರೆದುರು ನಮಗಿದು ಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಆಗ ಮಾತ್ರ ಆದೇಶ ಕೊಡುತ್ತೇನೆ ಎಂದರು. ನನಗೆ ಧೈರ್ಯ ಬಂತು. ಶರಣಮ್ಮನಷ್ಟು ಗಟ್ಟಿ ಬಾಯಿ ಮತ್ತಾರದು?

ಮರುದಿನ ಬೆಳಿಗ್ಗೆ ಆಕೆಯನ್ನೂ ಉಳಿದ ಹೆಂಗಸರನ್ನೂ ಮೂಲೆಗೆ ಕರೆದೆ. ಪ್ರಸಾದರಾವ್ ಇದ್ದರು, ಬಸ್ತಿಯ ಹಿರಿಯರಿದ್ದರು. ಎಲ್ಲರಿಗೂ ತೆಲುಗಿನಲ್ಲಿ ವಿಷಯ ತಿಳಿಸಿ ಆಕೆಯ ಕಡೆ ತಿರುಗಿದೆ. "ಹೇಳವ್ವ ಶರಣಮ್ಮ. ನಿಮಗ ಇಲ್ಲಿ ಖೋಲಿ ಬೇಕೋ ಬ್ಯಾಡೋ?"

ಆಕೆ ಕಲ್ಲನ್ನು ನೋಡಿದಳು. ಕೈಯಲ್ಲಿದ್ದ ಪೊರಕೆಯನ್ನು ಬೆನ್ನ ಹಿಂದೆ ಹಿಡಿದಳು. "ಸಾಬ್ರ, ಅರಿಷಿಣ ಕುಂಕುಮ ಇಟ್ಟು ಕರದಾಕಿ ನಾನು. ನಾನ ಕರದ ದೇವ್ರನ್ನ ನಾನ ಹೆಂಗ ಎಬ್ಬಸ್ಲಿ?"

ಇನ್ನೊಮ್ಮೆ ಕೇಳಿದೆ. ತಲೆ ಅಲ್ಲಾಡಿಸಿದಳು. ಉಳಿದ ಹೆಂಗಸರು ನೆಲ ನೋಡುತ್ತ ನಿಂತರು. ಪ್ರಸಾದರಾವ್ ಕನ್ನಡ ಅರ್ಥವಾಗದೆ ನನ್ನ ಮುಖ ನೋಡಿದರು. ನಾನೇ ತೆಲುಗಿಗೆ ತಂದು ಹೇಳಿದೆ, ಬೇಡವಂತೆ ಎಂದು.

ಆಫೀಸಿಗೆ ಬಂದು ಕಾಮಗಾರಿ ಕೈಬಿಟ್ಟಿದೆ ಎಂದು ಬರೆದು ಸಹಿ ಹಾಕಿದೆ. ಡಬ್ಬಿ ಬಿಚ್ಚಿ ಊಟ ಮಾಡಿದೆ. ಆ ದಿನ ಪುಂಡಿಪಲ್ಯ ಇತ್ತು, ಉಪ್ಪು ಖಾರ ಸರಿಯಾಗಿಯೇ ಇತ್ತು. ಸಿಟ್ಟು ಬರಬೇಕಿತ್ತು, ಅಳುವಾದರೂ ಬರಬೇಕಿತ್ತು. ಏನೂ ಬರಲಿಲ್ಲ. ಸಂಘದವರ ಪಾಲು ಅಮ್ಮನಿಗೆ ತಗಡಿನ ಚಾವಣಿಯಾಯಿತು. ನಮ್ಮ ಪಾಲು ಮಾರ್ಚಿ ಕೊನೆಗೆ ಖರ್ಚಾಗದೆ ವಾಪಸು ಹೋಯಿತು.

ಉಳಿದ ಹೆಂಗಸರು ಶರಣಮ್ಮನ ಜೊತೆ ಚಹಾ ಕುಡಿಯುವುದನ್ನು ಬಿಟ್ಟರು. ಅವರಿಗೂ ಆ ಕೋಣೆ ಬೇಕಿತ್ತು, ಆದರೆ ದೇವರೆದುರು ಹಾಗೆನ್ನಲು ಅವರಿಗೂ ಧೈರ್ಯವಿರಲಿಲ್ಲ. ಹಾಗಾಗಿ ಸಿಟ್ಟು ಆಕೆಯ ಮೇಲೆ ತಿರುಗಿತು. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಆಕೆ ಕಸದ ಗಾಡಿಯ ಪಕ್ಕದಲ್ಲೇ ಕುಸಿದುಬಿದ್ದಳು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ನೋಡಲು ಹೋದೆ. ಇನ್ನೊಮ್ಮೆ ಹೀಗಾದರೆ ಕಷ್ಟವೆಂದು ಡಾಕ್ಟರು ಆಕೆಯ ಎದುರೇ ಹೇಳಿದರು. ಅದನ್ನು ಕೇಳಿಯೂ ನನಗೆ ಏನೂ ಅನ್ನಿಸಲಿಲ್ಲ. ಹಣ್ಣು ಮಂಚದ ಮೇಲಿಟ್ಟು ಕೂತೆ.

ಆಕೆಯೇ ಮಾತು ತೆಗೆದಳು. "ಟ್ರಾನ್ಸ್‌ಫಾರ್ಮರ್ ಹಿಂದ ಒಂದು ಜಾಗ ಐತಿ ನೋಡ್ರಿ ಸಾಬ್ರ. ಭಾಳ ಹೊಲಸ ಐತಿ. ಗಿಡದ ಬುಡಕ ಬರತಿದ್ದ ನಾಯಿ ಎಲ್ಲಾ ಈಗ ಅಲ್ಲೇ ಬರಾಕತ್ತಾವ. ಅದನ್ನ ಕ್ಲೀನ್ ಮಾಡಸಬ್ಯಾಡ್ರಿ. ಮೊದಲ ಗ್ವಾಡಿ ಎಬ್ಬಸ್ರಿ, ಬಾಗಲಾ ಹಚ್ಚಸ್ರಿ. ಕ್ಲೀನ್ ಆಮ್ಯಾಲೆ ನಾ ಮಾಡ್ತೀನಿ."

ನನ್ನ ಇಡೀ ನೌಕರಿಯಲ್ಲಿ ಯಾರೂ ನನಗೆ ಇಂಥ ಸಲಹೆ ಕೊಟ್ಟಿರಲಿಲ್ಲ.

ಆ ವರ್ಷ ನಾನು ಸ್ಯಾನಿಟರಿ ಇನ್‌ಸ್ಪೆಕ್ಟರ್ ಮಾಡಬಾರದ ಕೆಲಸ ಮಾಡಿದೆ. ವಾರ್ಡಿನ ಒಂದು ಮೂಲೆಯನ್ನು ಬೇಕೆಂದೇ ಹೊಲಸಾಗಿ ಇಟ್ಟೆ. ದಿನಾ ಬಿದ್ದದ್ದರಲ್ಲಿ ಕೊಳೆಯುವುದನ್ನಷ್ಟೇ ಎತ್ತಿಸಿ ಉಳಿದದ್ದನ್ನು ಹಾಗೇ ಬಿಟ್ಟೆ. ರಂಗೋಲಿ ಹಾಕಿಸಲಿಲ್ಲ. ನಾಯಿ ತಂದವರನ್ನು ಕಂಡರೂ ಕಾಣದಂತೆ ಹೋದೆ. ದೂರು ಬಂದವು, ಒಂದು ಮೆಮೊ ಬಂತು. ಸಿಬ್ಬಂದಿ ಕೊರತೆ ಎಂದು ಉತ್ತರ ಬರೆದೆ. ಯಾರ ಗೇಟಿಗೂ ತಾಗದ ಆ ಜಾಗದಲ್ಲಿ ಅದೇ ಯೋಜನೆಯಡಿ ಕೋಣೆ ಕೇಳಿದಾಗ ಪ್ರಸಾದರಾವ್ ಈ ಸಲ ಷರತ್ತು ಹಾಕಲಿಲ್ಲ. ಆಸ್ಪತ್ರೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಬೋನಾಲಿಗೆ ಎತ್ತಿದ ಚಂದಾದಲ್ಲಿ ಉಳಿದದ್ದನ್ನೂ ಸೇರಿಸಿ ಪಾಲು ಕಟ್ಟಿದರು. ಅದು ಯಾವ ದುಡ್ಡೆಂದು ನಾನು ಶರಣಮ್ಮನಿಗೆ ಹೇಳಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಹೊಲಸು ಇರುವವರೆಗೆ ಆ ಜಾಗ ಅದನ್ನು ಎತ್ತುವವರದ್ದು. ಸ್ವಚ್ಛವಾದ ದಿನವೇ ಅದಕ್ಕೆ ನೂರು ಜನ ವಾರಸುದಾರರು ಹುಟ್ಟುತ್ತಾರೆ, ದೇವರೂ ಬಂದು ಕೂರುತ್ತಾನೆ. ಎತ್ತಿದವರಿಗೆ ಏನು ಕೊಡಬೇಕೋ ಅದನ್ನು ಸ್ವಚ್ಛ ಮಾಡುವ ಮೊದಲೇ ಕೊಟ್ಟುಬಿಡಬೇಕು. ತರಬೇತಿಗೆ ಬರುತ್ತಿದ್ದ ಹೊಸಬರಿಗೆ ಇದನ್ನು ಹೇಳಲು ಹೋಗಿ ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿದ್ದೇನೆ, ಕೇಳಿದವರು ಹುಚ್ಚನೆಂದಾರು ಎಂದು.

ಕೋಣೆಗೆ ಬಾಗಿಲು ಹಚ್ಚಿದ್ದು ನಾನು ನಿವೃತ್ತನಾಗುವ ತಿಂಗಳು. ಸುತ್ತ ಇನ್ನೂ ಕಸ ಬಿದ್ದಿತ್ತು, ಮೂಗು ಮುಚ್ಚಿಕೊಂಡೇ ನಿಂತಿದ್ದೆವು. ಪ್ರಸಾದರಾವ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಂದು ತೆಂಗಿನಕಾಯಿ ತಂದಿದ್ದರು. ಅದನ್ನು ಹೊಸ್ತಿಲಿಗೆ ಒಡೆಯಲು ಎತ್ತಿದಾಗ ಶರಣಮ್ಮ ಮುಂದೆ ಬಂದು ಅವರ ಕೈಯಿಂದ ಕಾಯಿ ತೆಗೆದುಕೊಂಡು ಕಸದ ಆಟೋ ಡ್ರೈವರನ ಕೈಗೆ ಕೊಟ್ಟಳು.

"ಇಲ್ಲಿ ಏನೂ ಬ್ಯಾಡ್ರಿ ಯಪ್ಪಾ. ಕಾಯಿ ಒಡದ್ರ ನಾವು ಮತ್ತ ಬ್ಯಾರೆ ಮೂಲಿ ಹುಡಕಬೇಕಾಗ್ತದ."

ಏನು ಹೇಳಿದಳು ಎಂದು ಪ್ರಸಾದರಾವ್ ನನ್ನನ್ನು ಕೇಳಿದರು. ನಾನು ಉತ್ತರ ಕೊಡುವಷ್ಟರಲ್ಲಿ ಆಕೆ ಪೊರಕೆಯನ್ನು ಗೋಡೆಗೆ ಆನಿಸಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಉದ್ಘಾಟನೆಗೆಂದು ಬಂದ ನಾವೆಲ್ಲ ಹೊರಗೆ ನಿಂತು ಕಾದೆವು.