ಅಪ್ಪನಿಗೆ ಮೊದಲು ಮರಳಿದ ಭಾಷೆ

ಅಪ್ಪನಿಗೆ ಲಕ್ವ ಹೊಡೆದ ದಿನ ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ತಂತಿ ಬಂದ ಕೂಡಲೇ ಬಸ್ಸು ಹಿಡಿದೆ. ಕಾವೇರಿ ಸೇತುವೆ ದಾಟಿ ಆಗಿನ್ನೂ ಮೈಸೂರಿಗೆ ಸೇರದಿದ್ದ ನಮ್ಮ ಪುಟ್ಟ ಕೊಡಗು ರಾಜ್ಯಕ್ಕೆ ಬಂದು, ಸೋಮವಾರಪೇಟೆ ಹತ್ತಿರದ ಎಸ್ಟೇಟಿನ ನಮ್ಮ ಮನೆ ಸೇರುವಾಗ ಮರುದಿನ ಮಧ್ಯಾಹ್ನವಾಗಿತ್ತು. ಆ ಎಸ್ಟೇಟಿನಲ್ಲಿ ಅಪ್ಪ ರೈಟರ್, ಲೆಕ್ಕಪತ್ರ ಬರೆಯುವವರು. ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಬಾಯಿ ಎಡಕ್ಕೆ ಎಳೆದಿತ್ತು. ನನ್ನನ್ನು ಕಂಡು ಏನೋ ಹೇಳಹೋದರು. ಬರೀ ಉಸಿರು ಬಂತು.

ಡಾಕ್ಟರು ಹೊರಡುವಾಗ ನನ್ನೊಬ್ಬಳನ್ನೇ ಜಗಲಿಗೆ ಕರೆದರು. "ಮೆದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆಯಮ್ಮ. ಮಾತು ಇರೋದೂ ಅಲ್ಲೇ. ಬುದ್ಧಿ ಹೋಗಿಲ್ಲ. ಮಾತಾಡಿಸ್ತಾ ಇರಿ. ಯಾವ ಭಾಷೆ ಬಂದರೂ ಬರಲಿ, ಅದರಲ್ಲೇ ಮಾತಾಡಿಸಿ. ನುಂಗೋಕೆ ಕಷ್ಟ ಆಗುತ್ತೆ, ಕೂರಿಸಿ ಚಮಚದಲ್ಲಿ ಕೊಡಿ."

ಅಪ್ಪನ ಮಾತನ್ನು ನಾನೇ ಹೊರಡಿಸುತ್ತೇನೆಂದು ನನಗೆ ಖಾತ್ರಿಯಿತ್ತು. ನಾವಿಬ್ಬರೂ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಳ್ಳುತ್ತಿದ್ದವರು. ಆ ಕಾಗದಗಳನ್ನು ಮನೆಯಲ್ಲಿ ಅಪ್ಪನ ಜೊತೆಗಿದ್ದ ತಂಗಿ ಓದಲಾರಳು ಎಂಬುದು ನನಗೆ ಒಳಗೊಳಗೇ ಇಷ್ಟವಾಗುತ್ತಿತ್ತು. ದಿನವೂ ಒಂದೊಂದು ವಸ್ತು ತೋರಿಸಿ ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹೆಸರು ಹೇಳಿದೆ. ಅಪ್ಪ ನನ್ನ ತುಟಿಗಳನ್ನೇ ನೋಡುತ್ತಿದ್ದರು, ಅಷ್ಟೇ.

ಒಂದು ಬೆಳಿಗ್ಗೆ ತಂಗಿ ಅವರ ಮುಖ ಒರೆಸುತ್ತಿದ್ದಳು. "ಬೊಡ್ಚಿ" ಅಂದರು ಅಪ್ಪ, ಸ್ಪಷ್ಟವಾಗಿ.

ಅದು ತುಳು. ಬೇಡ ಎಂದರ್ಥ. ಅಪ್ಪ ಘಟ್ಟದ ಕೆಳಗೆ ಹುಟ್ಟಿ ಹುಡುಗನಾಗಿದ್ದಾಗ ಮೇಲೆ ಬಂದವರು. ಅಮ್ಮ ಕನ್ನಡದವರಾದ್ದರಿಂದ ನಮ್ಮ ಮನೆಮಾತು ಕನ್ನಡವೇ. ಅಮ್ಮ ತೀರಿಕೊಂಡ ಮೇಲೆ ಅಪ್ಪನ ತಾಯಿ, ತುಳು ಮಾತ್ರ ಬರುತ್ತಿದ್ದ ಅಜ್ಜಿ, ಊರಿನಿಂದ ಬಂದು ನಾಲ್ಕು ವರ್ಷ ನಮ್ಮಲ್ಲಿದ್ದರು. ಆ ನಾಲ್ಕು ವರ್ಷ ನಾನು ಮೈಸೂರಿನಲ್ಲಿ ಓದುತ್ತಿದ್ದೆ, ತಂಗಿ ಅಜ್ಜಿಯ ಪಕ್ಕದಲ್ಲಿ ಮಲಗುತ್ತಿದ್ದಳು.

ಮಾತು ಕೇಳಿಸಿಕೊಂಡ, ಹಾಸನದ ಕಡೆಯಿಂದ ಹೊಸದಾಗಿ ಬಂದಿದ್ದ ನೆರೆಮನೆಯಾಕೆ ಬೆಚ್ಚಿದರು. "ಅಯ್ಯೋ, ರೈಟರಪ್ಪಂಗೆ ಘಟ್ಟದ ಕೆಳಗಿನ ಭೂತ ಮೆಟ್ಕೊಂಡದೆ ಕಣವ್ವ!"

"ಭೂತ ಅಲ್ಲ ಕಣತ್ತೆ, ನಮ್ಮಜ್ಜಿ ಮಾತು. ಈ ಚಳೀಲಿ ಭೂತಕ್ಕೇನ್ ಕೆಲ್ಸ?" ಎಂದು ತಂಗಿ ನಕ್ಕಳು. ಅಪ್ಪನ ಬಾಯಿಯ ಎಡಗಡೆಯೂ ನಕ್ಕಿತು.

ಅಂದಿನಿಂದ ಅವರಿಬ್ಬರದೇ ಮಾತು. ದಿನಕ್ಕೆರಡು ಹೊಸ ಪದ ಬರುತ್ತಿದ್ದವು. ನಾನು ಕೋಣೆಗೆ ಕಾಲಿಟ್ಟರೆ ಅಪ್ಪನ ಕಣ್ಣು ನನ್ನನ್ನು ದಾಟಿ ಅವಳನ್ನು ಹುಡುಕುತ್ತಿತ್ತು. "ಏನಂದ್ರು?" ಎಂದು ಕೇಳಿದರೆ, "ಏನಿಲ್ಲಕ್ಕ, ಸುಮ್ನೆ" ಎನ್ನುತ್ತಿದ್ದಳು. ನನ್ನ ಅಪ್ಪನ ಮಾತಿಗೆ ನಾನು ಅವಳ ಬಾಯಿ ಕಾಯಬೇಕಾಗಿತ್ತು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು, ಫೇಲಾಗಿ ಓದು ಬಿಟ್ಟವಳು ಅವಳು.

ಒಂದು ಸಂಜೆ ಅವಳಿಗೆ ಹೇಳಿಬಿಟ್ಟೆ: "ತುಳು ನಿಲ್ಲಿಸ್ಬೇಕಂತೆ, ಡಾಕ್ಟರು ಹೇಳಿದ್ರು. ಭಾಷೆ ಬೆರೆಸಿದ್ರೆ ಮೆದುಳಿಗೆ ಆಯಾಸವಂತೆ."

ಮರುದಿನ ಅಪ್ಪ "ಬಲಾ" ಎಂದು ಕರೆದಾಗ ಅವಳು ನನ್ನ ಕಡೆ ನೋಡಿ, "ಬಂದೆ ಅಪ್ಪ" ಎಂದು ಕನ್ನಡದಲ್ಲೇ ಉತ್ತರಿಸಿದಳು. ಅಪ್ಪ ಮತ್ತೊಮ್ಮೆ, ಇನ್ನೂ ಜೋರಾಗಿ ಕರೆದರು. ಅವಳು ತುಟಿ ಬಿಗಿಹಿಡಿದು ಅವರ ಕಾಲು ಒತ್ತಿದಳು. ಮೂರನೆಯ ದಿನ ಅವರು ಕರೆಯುವುದನ್ನೇ ಬಿಟ್ಟರು. ನಾಲ್ಕನೆಯ ದಿನ ಗಂಜಿಗೆ ಬಾಯಿ ತೆರೆಯದೆ ಗೋಡೆಯತ್ತ ಮುಖ ತಿರುಗಿಸಿಕೊಂಡರು.

ಅಡುಗೆಮನೆಯಲ್ಲಿ ಅವಳು ಆ ಗಂಜಿಯನ್ನೇ ಮತ್ತೆ ಬಿಸಿ ಮಾಡುತ್ತಿದ್ದಳು. "ಡಾಕ್ಟರು ಹಾಗೆ ಹೇಳಿಲ್ಲ. ನಾನೇ ಹೇಳಿದ್ದು" ಎಂದೆ.

ಸೌಟು ನಿಂತಿತು. "ಯಾಕಕ್ಕ?"

ನನ್ನ ಮುಖವನ್ನೇ ನೋಡಿದಳು. ಅವಳಿಗೆ ಗೊತ್ತಾಯಿತು.

"ನೀನು ಓದಿದೋಳು ಅಂತ ನಂಬಿದ್ನಲ್ಲ" ಎಂದು ಸೌಟನ್ನು ನನ್ನ ಕೈಗಿಟ್ಟು ಹೋದಳು.

ಗಂಜಿ ತಳ ಹಿಡಿಯದಂತೆ ತಿರುವುತ್ತಾ ನಿಂತೆ. ಒಳಗಿಂದ ಅವಳ ತುಳು ಕೇಳಿಸುತ್ತಿತ್ತು, ಬಹಳ ಹೊತ್ತು ಅವಳದ್ದೊಂದೇ ದನಿ. ಗಂಜಿ, ನೀರು, ಚಮಚ ಹಿಡಿದು ಬಾಗಿಲಿಗೆ ಹೋದಾಗ ಅಪ್ಪ ಗೋಡೆ ಬಿಟ್ಟು ಈ ಕಡೆಗೆ ತಿರುಗಿದ್ದರು. ನಾನು ಲೋಟ ಎತ್ತಿ ತೋರಿಸಿದೆ, ಹೆಸರು ಹೇಳಲಿಲ್ಲ.

"ನೀರ್" ಅಂದರು ಅಪ್ಪ, ನನ್ನನ್ನೇ ನೋಡಿ.

ಅದು ತುಳುವೋ ಕನ್ನಡವೋ ನಾನು ಕೇಳಲಿಲ್ಲ. ಎರಡು ಚಮಚ ಕುಡಿಸಿದೆ. ಆಮೇಲೆ ಅವರ ಕಣ್ಣು ಉಳಿದದ್ದನ್ನು ಹೇಳಲು ತಂಗಿಯ ಕಡೆಗೆ ಹೋಯಿತು. ನನಗೆ ಉರಿಯಿತು, ಆದರೂ ಸರಿದು ಅವಳಿಗೆ ಜಾಗ ಬಿಟ್ಟೆ.