ಸಿಂದಗಿಯ ಜೇಠವ್ವ ಪಂಚಮಿಗೆ ಹೊರಟದ್ದು

ಸಿಂದಗಿ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಟೇಕಚಂದನನ್ನು ಊರು ಎಂದೋ ಟೇಕಪ್ಪ ಮಾಡಿಕೊಂಡಿತ್ತು. ಅವನ ಹೆಂಡತಿ ಜೇಠಿಬಾಯಿ ಜೇಠವ್ವ ಆಗಿದ್ದಳು. ದೇಶ ಒಡೆದ ವರ್ಷ ಸಿಂಧ ಪ್ರಾಂತ ಬಿಟ್ಟು, ಮುಂಬಯಿ ಹತ್ತಿರದ ಕಲ್ಯಾಣದ ನಿರಾಶ್ರಿತರ ಕ್ಯಾಂಪಿನಲ್ಲಿ ದಿನ ನೂಕಿ, ಕೊನೆಗೆ ಸೊಲ್ಲಾಪುರದಿಂದ ಅರಿವೆಯ ಗಂಟು ಹೊತ್ತು ಬಂದ ಗಂಡ ಹೆಂಡಿರು ಇವರು. 1974ರ ಹೊತ್ತಿಗೆ ಜೇಠವ್ವನಿಗೆ ನಲವತ್ತೆರಡು. ರೊಟ್ಟಿ ಬಡಿದರೆ ಸಪ್ಪಳ ಓಣಿಯ ತುದಿಗೆ ಕೇಳಬೇಕು. ಜಗಳಕ್ಕೆ ನಿಂತರೆ ಸಿಂದಗಿಯಲ್ಲೇ ಹುಟ್ಟಿದವರೂ ಬಾಯಿ ಮುಚ್ಚಿಕೊಳ್ಳಬೇಕು. ಮನೆಯಲ್ಲಿ ಸಿಂಧಿ ಆಡುತ್ತಿದ್ದರೂ ತಕರಾರಿಗೆ ಮಾತ್ರ ಗಂಡ ಹೆಂಡತಿ ಇಬ್ಬರಿಗೂ ಕನ್ನಡವೇ ಬೇಕಾಗುತ್ತಿತ್ತು.

ಇಷ್ಟೆಲ್ಲ ಕಲಿತ ಹೆಂಗಸು ಒಂದನ್ನು ಮಾತ್ರ ಕಲಿತಿರಲಿಲ್ಲ. ಈ ಸೀಮೆಯವರು ಕಂಡ ಕಂಡವರನ್ನೆಲ್ಲ "ನಮ್ಮೂರಿಗೆ ಬರ್ರಿ" ಎನ್ನುತ್ತಾರೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವನಿಗೂ ಹೇಳಿಯೇ ಇಳಿಯುತ್ತಾರೆ. ಹೇಳಿದವನು ಮರೆಯುತ್ತಾನೆ, ಕೇಳಿದವನು "ಬರೋಣಂತ್ರಿ" ಎಂದು ತಾನೂ ಮರೆಯುತ್ತಾನೆ. ಅದರಲ್ಲಿ ಯಾರದೂ ತಪ್ಪಿಲ್ಲ, ಅದು ಇಲ್ಲಿನ ಮರ್ಯಾದೆ.

ಆ ವರ್ಷ ಆಷಾಢದ ಕೊನೆಗೆ ಕನ್ನೊಳ್ಳಿಯ ರೈತ ಪರಪ್ಪ ತಂಗಿಗೆ ಸೀರೆ ಕೊಳ್ಳಲು ಅಂಗಡಿಗೆ ಬಂದ. ಅವನ ತಂಗಿ ಶಂಕ್ರೆವ್ವ, ಜೇಠವ್ವನ ಎದುರುಮನೆಯ ಸೊಸೆ. ನಾಗರ ಪಂಚಮಿ ಬಂತೆಂದರೆ ಅಣ್ಣ ಚಕ್ಕಡಿ ಹೂಡಿಕೊಂಡು ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಜೇಠವ್ವ ಹತ್ತು ಇಳಕಲ್ ಸೀರೆ ಬಿಚ್ಚಿ ಹಾಕಿದಳು. ಒಂದನ್ನು ಕಟ್ಟಿಸಿಕೊಂಡು ಏಳುತ್ತ ಪರಪ್ಪ ಬಾಯಿತುಂಬ ಹೇಳಿದ:

"ನೀವೂ ಬರ್ರಿ ಬಾಯಾರ, ಪಂಚಮಿಗೆ. ಹೆಂಗೂ ಗಾಡಿ ತರ್ತೇನಿ."

"ಬರ್ತೇನ್ರಿ," ಎಂದಳು ಜೇಠವ್ವ.

ಟೇಕಪ್ಪ ಹಣೆ ಹಣೆ ಬಡಿದುಕೊಂಡ. "ಅಂವಾ ಮಾತಿಗೆ ಅಂದಾನ. ಗಿರಾಕಿ ಕರದ್ರ ಯಾರರೆ ಟ್ರಂಕ್ ಕಟ್ತಾರೇನು?"

"ಮಾತಿಗೆ ಅನ್ನಾಂವ ಗಾಡಿ ಯಾಕ ತರ್ತೇನಿ ಅಂತಾನ?"

ನಿಜ ಹೇಳಬೇಕೆಂದರೆ ಜೇಠವ್ವನಿಗೂ ಅಳುಕಿತ್ತು. ಆದರೆ ಇಪ್ಪತ್ತೈದು ಪಂಚಮಿಗಳಲ್ಲಿ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಗಾಡಿ ಹತ್ತಿ ಹೋಗುವುದನ್ನು ಅವಳು ಕಟ್ಟೆಯ ಮೇಲೆ ನಿಂತು ನೋಡಿದ್ದಳು. ನಿನ್ನನ್ನು ಕರೆಯಲು ಯಾರೂ ಬರಲಿಲ್ಲವೇ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಕೇಳದೆ ಇರುವ ಆ ಕರುಣೆಯೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು. ದೇಶ ಹಂಚಿಕೊಂಡ ದೊಡ್ಡ ಮನುಷ್ಯರು ನಕಾಶೆಯ ಮೇಲೆ ಗೆರೆ ಎಳೆದರು. ಹೆಣ್ಣುಮಕ್ಕಳ ತವರು ಗೆರೆಯ ಯಾವ ಕಡೆ ಬಿತ್ತೆಂದು ಯಾವನಾದರೂ ಕೇಳಿದನೇ? ಒಂದು ಸಲ, ಒಂದೇ ಒಂದು ಸಲ, ತನ್ನನ್ನೂ ಯಾರಾದರೂ ಕರೆಯಲು ಬರಬೇಕು. ಇಷ್ಟೇ ಅವಳ ಆಸೆ. ಬಳೆಗಾರ್ತಿ ಹಜರಾಬಿಯಿಂದ ಕೈತುಂಬ ಹಸಿರು ಬಳೆ ಇಡಿಸಿಕೊಂಡು, "ಪಂಚಮಿಗೆ ಹೊಂಟೇನಿ" ಎಂದು ಓಣಿಗೆಲ್ಲ ಸಾರಿಬಿಟ್ಟಳು. ಇನ್ನು ಗಾಡಿ ಬಾರದಿದ್ದರೆ ಓಣಿಯಲ್ಲಿ ತಲೆ ಎತ್ತುವಂತಿರಲಿಲ್ಲ.

ಹಬ್ಬಕ್ಕೆ ಎರಡು ದಿನ ಇರುವಾಗ ಬೆಳಿಗ್ಗೆ ಚಕ್ಕಡಿ ಬಂತು. ಜೇಠವ್ವ ರೇಷ್ಮೆ ಸೀರೆ ಉಟ್ಟು, ಟ್ರಂಕು ಪಕ್ಕಕ್ಕಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಪರಪ್ಪ ಇಳಿದು, "ಆರಾಮ ಏನ್ರಿ ಬಾಯಾರ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ತಂಗಿಯ ಮನೆಯೊಳಗೆ ಹೋದ. ಸ್ವಲ್ಪ ಹೊತ್ತಿಗೆ ಅವನು ಶಂಕ್ರೆವ್ವನ ಗಂಟು ತಂದು ಗಾಡಿಯಲ್ಲಿಟ್ಟ. ತಿರುಗಿದವನ ಕಣ್ಣಿಗೆ ಎದುರಿನ ಟ್ರಂಕು ಬಿತ್ತು. ಅವನಿಗೆ ತಾನು ಕರೆದದ್ದೇ ನೆನಪಿರಲಿಲ್ಲ ಎಂಬುದು ಅವನ ಮುಖದ ಮೇಲೆ ಬರೆದಿತ್ತು. ಬಾಗಿಲು ಬಾಗಿಲಲ್ಲಿ ಹೆಂಗಸರು ನಿಂತಿದ್ದರು.

ಜೇಠವ್ವ ಎದ್ದು ಟ್ರಂಕಿಗೆ ಕೈ ಹಾಕಿದಳು. "ಸೀರಿ ಬಿಸಲಿಗೆ ಹಾಕೂದಿತ್ತು, ಅದಕ್ಕ ಹೊರಗ ತಂದಿದ್ನಿ," ಎಂದಳು.

ಬೆಳಗಿನಿಂದ ಜಿಟಿಜಿಟಿ ಮಳೆ ಹತ್ತಿತ್ತು. ಪರಪ್ಪ ಮಳೆ ನೋಡಿದ, ಟ್ರಂಕು ನೋಡಿದ, ಅವಳ ಕೈಯ ಹೊಸ ಬಳೆ ನೋಡಿದ. ಮರೆವಿನ ಮನುಷ್ಯನಾದರೂ ಕಲ್ಲೆದೆಯವನಲ್ಲ. ನಾಲ್ಕೇ ಹೆಜ್ಜೆಗೆ ಬಂದು ಅವಳ ಕೈಯಿಂದ ಟ್ರಂಕು ಕಸಿದುಕೊಂಡ.

"ನಿನಗ ವಯಸ್ಸೆಷ್ಟ?"

"ನಲವತ್ತೆರಡ್ರಿ."

"ನನಗ ನಲವತ್ತೈದು. ಅಂದ್ರ ತಂಗಿ ಆದಿ. ಅಣ್ಣ ಕರಿಯಾಕ ಬಂದಾಗ ತಂಗಿ ತಿರುಗಿ ಒಳಗ ಹೋಗಬಾರದು ಜೇಠಿ. ಹತ್ತು ಗಾಡಿ."

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಟೇಕಪ್ಪನಿಗೆ ತನ್ನ ಮಾತು ಸೋತದ್ದಕ್ಕೆ ಎಷ್ಟು ಖುಷಿಯಾಯಿತೆಂದರೆ, ಮಳೆಯಲ್ಲೇ ಗಾಡಿಯ ಹಿಂದೆ ಓಣಿ ದಾಟುವ ತನಕ ನಡೆದ.

ಕನ್ನೊಳ್ಳಿಯಲ್ಲಿ ಪರಪ್ಪನ ತಾಯಿ ಸಿದ್ದವ್ವ ಏನನ್ನೂ ಕೇಳಲಿಲ್ಲ. "ಕೈಕಾಲು ತೊಳಕೊಂಡ ಬರ್ರಿ ಇಬ್ಬರೂ," ಎಂದಳು. ಮರುದಿನ ಉಂಡಿಗೆ ಶೇಂಗಾ ಕುಟ್ಟಲು ಕೂರಿಸಿ, ಕುಟ್ಟಿದ್ದು ದಪ್ಪಾಯಿತೆಂದು ಶಂಕ್ರೆವ್ವನಿಗೆ ಬೈದಂತೆಯೇ ಜೇಠವ್ವನಿಗೂ ಬೈದಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ಆ ಮನೆ ಕಂಡಿರಲಿಲ್ಲ. ಪಂಚಮಿಯ ದಿನ ಬೇವಿನ ಮರದ ಜೋಕಾಲಿಯಲ್ಲಿ ಕೂತವಳು ಇಳಿಯಲೊಲ್ಲಳು. ಪಾಳಿಗೆ ಕಾದು ಬೇಸತ್ತ ನೆರೆಮನೆಯ ಶೇವಂತೆವ್ವ ಕೆಣಕಿದಳು:

"ನಿಮ್ಮ ಊರು ಪಾಕಿಸ್ತಾನದಾಗ ಐತಂತಲ್ಲ, ಮತ್ತ ನೀ ಯಾ ದೇಶದಾಕಿ ಆದಿ?"

"ಗಂಡನ ಮನಿ ಸಿಂದಗಿ, ತವರಮನಿ ಕನ್ನೊಳ್ಳಿ," ಎಂದಳು ಜೇಠವ್ವ, ಕಾಲು ಮೀಟುತ್ತ. "ಈ ಎರಡರ ನಡುವ ಎಷ್ಟು ದೇಶ ಹಿಡಿಸ್ತೈತೋ ಅಷ್ಟೂ ನಂದ."

ಐದು ದಿನ ಹೇಗೆ ಹೋದವೋ. ಹೊರಡುವ ಬೆಳಿಗ್ಗೆ ಸಿದ್ದವ್ವ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ ಉಡಿ ತುಂಬಲು ನಿಂತಳು. ಶಂಕ್ರೆವ್ವನ ಸೆರಗಿಗೆ ಕುಬಸದ ಖಣ, ಕೊಬ್ಬರಿ ಬಟ್ಟಲು, ಐದು ಬೊಗಸೆ ಅಕ್ಕಿ ಹಾಕಿದಳು. ಜೇಠವ್ವನಿಗೂ ಹಾಗೆಯೇ. ಐದನೆಯ ಬೊಗಸೆ ಹಾಕಿದ ಮೇಲೆ ಕೈ ತಡೆದು ಕೇಳಿದಳು:

"ನಿಮ್ಮವ್ವನ ಹೆಸರೇನವಾ?"

ಸಿಂದಗಿಗೆ ಬಂದಂದಿನಿಂದ ಅವಳಿಗೆ ಇದನ್ನು ಯಾರೂ ಕೇಳಿರಲಿಲ್ಲ. ಕರಾಚಿ ಬಂದರದ ನೂಕುನುಗ್ಗಲಿನಲ್ಲಿ, "ನೀವು ಮುಂದ ಹೋಗ್ರಿ, ನಾವು ಮುಂದಿನ ಹಡಗಿಗೆ ಬರ್ತೇವಿ" ಎಂದು ಕೈ ಬಿಡಿಸಿಕೊಂಡ ತಾಯಿ ಮತ್ತೆ ಬರಲಿಲ್ಲ, ಕಾಗದವೂ ಬರಲಿಲ್ಲ. ಆಗ ಅಳಲು ಸಹ ಪುರುಸೊತ್ತಿರಲಿಲ್ಲ.

"ಖೇಮಿಬಾಯಿ," ಎಂದಳು.

ಸಿದ್ದವ್ವ ಮತ್ತೊಂದು ಬೊಗಸೆ ತುಂಬಿದಳು. "ಇದು ಖೇಮಿಬಾಯಾರದು. ಆಕಿ ಕೈಲೆ ಆಗಲಿಲ್ಲ, ನಾ ಹಾಕ್ತೇನಿ," ಎಂದು ಅವಳ ಉಡಿಗೆ ಸುರಿದಳು.