ಕೇಳುವವರನ್ನು ಕೇಳಲಾರದ ಬಕ್ಕೇಶಪ್ಪ

ಹರಿಹರದಲ್ಲಿ ಮೈಕ್ ಬಕ್ಕೇಶಪ್ಪ ಅಂದರೆ ನಲವತ್ತು ದಾಟಿದವರಿಗೆಲ್ಲ ಗೊತ್ತು. ಆಟೋದ ತಲೆಮೇಲೆ ಎರಡು ಲೌಡ್ ಸ್ಪೀಕರ್ ಕಟ್ಟಿ, ಹಿಂದಿನ ಸೀಟಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, ಮೂವತ್ತೊಂದು ವರ್ಷ ಹರಿಹರ ದಾವಣಗೆರೆಗಳ ಓಣಿಓಣಿ ಸುತ್ತಿ ಕೂಗಿದ ಮನುಷ್ಯ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಅನ್ನುವುದು, ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ತಪ್ಪಿಸಿಕೊಂಡ ಎಮ್ಮೆ, ತೀರಿಕೊಂಡ ಯಜಮಾನರು, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕಿತ್ತು. ಒಂದು ಚುನಾವಣೆಯಲ್ಲಂತೂ ಬೆಳಿಗ್ಗೆ ಒಬ್ಬ ಅಭ್ಯರ್ಥಿಗೆ, ಊಟವಾದ ಮೇಲೆ ಅವನ ಎದುರಾಳಿಗೆ, ಅದೇ ಆಟೋದಲ್ಲಿ ಪೋಸ್ಟರ್ ಬದಲಿಸಿಕೊಂಡು ಪ್ರಚಾರ ಮಾಡಿದ್ದ. ಇಬ್ಬರೂ ಸೋತರು. "ನನ್ ದನಿಯಾಗ ಪಕ್ಷಪಾತ ಇಲ್ಲ" ಅಂತ ಬಕ್ಕೇಶಪ್ಪ ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಅವನ ಅನ್ನಕ್ಕೆ ಕಲ್ಲು ಹಾಕಿದ್ದು ಪೆನ್‌ಡ್ರೈವ್. ಒಬ್ಬ ಗುಜರಿ ವ್ಯಾಪಾರಿ ಬಂದು ಮುನ್ನೂರು ರೂಪಾಯಿ ಕೊಟ್ಟು, "ಹಳೇ ಕಬ್ಬಿಣ, ಹಳೇ ಪೇಪರ್, ಒಡೆದ ಪ್ಲಾಸ್ಟಿಕ್ ಕೊಡುವವರು ಕೊಡಬಹುದು" ಅಂತ ಅವನಿಂದ ಒಂದೇ ಸಲ ಹೇಳಿಸಿ ತುಂಬಿಸಿಕೊಂಡು ಹೋದ. ಆ ಮೇಲೆ ನೀರಿನವರು, ಸೀರೆಯವರು, ಎಲ್ಲರೂ ಅದೇ ದಾರಿ ಹಿಡಿದರು. ಬಕ್ಕೇಶಪ್ಪ ಕೆಲಸವಿಲ್ಲದೆ ಜಗಲಿಯ ಮೇಲೆ ಕೂತು ಚಾ ಕುಡಿಯುವಾಗ ಅವನ ದನಿಯೇ ಗುಜರಿ ಗಾಡಿಯಲ್ಲಿ ಮನೆ ಮುಂದೆ ಹಾದುಹೋಗುತ್ತಿತ್ತು.

"ನೋಡ್ರಿ, ನೀವು ದುಡಿಯಾಕ ಹೊಂಟೀರಿ" ಅಂತ ಹೆಂಡತಿ ಶಕುಂತಲಮ್ಮ ಒಳಗಿಂದ ಅಣಕಿಸುತ್ತಿದ್ದಳು.

ಬಸ್ ನಿಲ್ದಾಣದ ಹಿಂದೆ ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ಇಮ್ರಾನ್ ಬಕ್ಕೇಶಪ್ಪನ ಹಳೆಯ ಜೊತೆಗಾರ. ಒಂದು ದಿನ ಅಂಗಡಿಯಲ್ಲಿ ಕೂಡಿಸಿ, "ಬಕ್ಕಣ್ಣ, ನಿನ್ನ ಹತ್ರ ಇರೋ ಕಥಿ ಈ ಊರಾಗ ಯಾರ ಹತ್ರಾನೂ ಇಲ್ಲ. ಪಾಡ್‌ಕಾಸ್ಟ್ ಮಾಡಾಣ" ಅಂದ.

"ನಮ್ ಪಾಡೇ ಸಾಕಾಗೈತೆ. ಅದಕ್ಕ ಕಾಸ್ಟ್ ಬ್ಯಾರೆ ಯಾಕಪ?"

"ಅದು ಫೋನ್‌ನಾಗ ಬರೋ ರೇಡಿಯೋ ಇದ್ದಂಗೆ. ಯಾರಿಗೆ ಯಾವಾಗ ಬೇಕೋ ಆವಾಗ ಕೇಳ್ತಾರೆ. ನೀನು ಹೇಳು, ಉಳಿದಿದ್ದು ನನಗ ಬಿಡು."

ಹಾಗೆ ಶುರುವಾಯಿತು 'ಸಾರ್ವಜನಿಕರ ಗಮನಕ್ಕೆ'. ಪ್ರತಿ ಭಾನುವಾರ ಒಂದು ಕಥೆ. ಬೀದಿಯ ಗದ್ದಲ ಒಳಗೆ ಬರಬಾರದು ಅಂತ ಇಮ್ರಾನ್ ಹೇಳಿದ್ದಕ್ಕೆ ಬಕ್ಕೇಶಪ್ಪ ಕಿಟಕಿ ಮುಚ್ಚಿ, ಮಂಚದ ಮೇಲೆ ಕೂತು, ತಲೆಯಿಂದ ಕಾಲಿನವರೆಗೆ ದಪ್ಪ ಕೌದಿ ಹೊದ್ದು, ಒಳಗೆ ರೆಕಾರ್ಡ್ ಮಾಡುವ ಯಂತ್ರ ಇಟ್ಟುಕೊಂಡು ಮಾತಾಡುತ್ತಿದ್ದ. ಹೊರಗಿಂದ ನೋಡಿದವರಿಗೆ ಚಳಿಜ್ವರ ಬಂದು ಬಡಬಡಿಸುತ್ತಿದ್ದಾನೆ ಅನಿಸಬೇಕು.

ಮೂರನೆಯ ವಾರ ಹೇಳಿದ ಕೊಂಡಜ್ಜಿ ಹಳ್ಳಿಯ ಎಮ್ಮೆ ಕಥೆ ಊರನ್ನು ಹಿಡಿಯಿತು. ಕೊಂಡಜ್ಜಿಯಲ್ಲಿ ಒಬ್ಬರ ಎಮ್ಮೆ ಕಾಣೆಯಾಗಿ, ಹುಡುಕಿಕೊಟ್ಟವರಿಗೆ ಐನೂರು ಇನಾಮು ಅಂತ ಬಕ್ಕೇಶಪ್ಪ ಸುತ್ತಲ ಹಳ್ಳಿಗಳಲ್ಲಿ ಕೂಗಿ ಬಂದಿದ್ದ. ಗುರುತು ಏನು ಅಂತ ಕೇಳಿದರೆ 'ಕಪ್ಪು ಬಣ್ಣ' ಅಂತಷ್ಟೇ ಮಾಲೀಕರು ಬರೆದುಕೊಟ್ಟಿದ್ದರು. ಸಂಜೆ ಹೊತ್ತಿಗೆ ಅವರ ಬಾಗಿಲಲ್ಲಿ ಏಳು ಎಮ್ಮೆ. ಕಳೆದುಹೋದದ್ದು ಮಾತ್ರ ಅವುಗಳಲ್ಲಿ ಇರಲಿಲ್ಲ. ಅದು ಕೆರೆಯಲ್ಲಿ ಮೂಗಷ್ಟೇ ಮೇಲಿಟ್ಟು ಎಲ್ಲ ನೋಡುತ್ತಾ ಇತ್ತು.

ಮಂಡಕ್ಕಿ ಭಟ್ಟಿಯವರು, ಆಟೋದವರು, ರೊಟ್ಟಿ ಬಡಿಯುವ ಹೆಂಗಸರು ಕೇಳತೊಡಗಿದರು. ಆರು ತಿಂಗಳಲ್ಲಿ ನಾಲ್ಕು ಸಾವಿರ ಜನ. ಬಕ್ಕೇಶಪ್ಪನ ಎದೆ ಹಿಗ್ಗಿತು. ಆದರೆ ಇಮ್ರಾನ್‌ನ ಹಳೆಯ ರೆಕಾರ್ಡರ್ ಕೆಮ್ಮತೊಡಗಿತು. ಇಂಟರ್ನೆಟ್ಟಿನಲ್ಲಿ ಕಥೆ ಇಡುವ ಜಾಗಕ್ಕೂ ವರ್ಷದ ಬಾಡಿಗೆ ಕಟ್ಟಬೇಕಾಗಿ ಬಂತು. ಜಾಹೀರಾತು ಹಾಕಿದರೆ ಕಥೆಯ ನಡುವೆ ಯಾವನೋ ಬಂದು ಕೂದಲೆಣ್ಣೆ ಮಾರುತ್ತಾನೆ. ಅದು ಇಬ್ಬರಿಗೂ ಬೇಡವಾಗಿತ್ತು.

"ಕೇಳೋರನ್ನೇ ಕೇಳಾಣ ಬಕ್ಕಣ್ಣ. ಬಲವಂತ ಇಲ್ಲ. ನಂಬರ್ ಹೇಳು, ಮನಸ್ಸಿದ್ದೋರು ದುಡ್ಡು ಹಾಕ್ತಾರೆ."

ಇಲ್ಲಿ ಬಕ್ಕೇಶಪ್ಪ ಅಳುಕಿದ. ಶಾಲೆಯ ಚಾವಣಿಗೆ, ನೆರೆ ಬಂದವರಿಗೆ, ಊರಮ್ಮನ ಹಬ್ಬಕ್ಕೆ ಅವನು ಚಂದಾ ಕೇಳಿದರೆ ಹೆಂಗಸರು ಕಿವಿಯ ಓಲೆ ಬಿಚ್ಚಿಕೊಟ್ಟದ್ದುಂಟು. ಈಗ ತನಗೇ ಅಂತ ಬಂದಾಗ ನಾಲಗೆ ಹೊರಳದು. ಕೌದಿಯೊಳಗೆ ಕೂತು, "ಸಾರ್ವಜನಿಕರಲ್ಲಿ ವಿನಂತಿ" ಅಂತ ಗಂಭೀರವಾಗಿ ಶುರುಮಾಡಿದ. ಮುಂದಿನ ಮಾತು ರೂಢಿಬಲದಿಂದ ತಾನೇ ಜಾರಿತು: "ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ವಿದ್ಯುತ್ ಇರುವುದಿಲ್ಲ." ಮತ್ತೆ ಹೇಳಿದ. ಈ ಸಲ ನೀರು ನಿಂತಿತು. ಹನ್ನೊಂದನೇ ಸಲ ಯಾರೋ ತೀರಿಕೊಳ್ಳುವುದರಲ್ಲಿದ್ದರು, ಅಷ್ಟರಲ್ಲಿ ಶಕುಂತಲಮ್ಮ ಬಂದು ಕೌದಿ ಎತ್ತಿದಳು.

"ಏನ್ ನಾಚ್ಕೆರಿ ನಿಮ್ದು? ಯಾರದೋ ಎಮ್ಮಿಗೆ ಊರೆಲ್ಲ ಕೂಗ್ತೀರಿ, ನಿಮಗೋಸ್ಕರ ಒಂದ್ ಮಾತು ಬರಂಗಿಲ್ಲ? ಸರೀರಿ ಅತ್ಲಾಗ!" ಅಂದವಳೇ ಯಂತ್ರದ ಕಡೆ ತಿರುಗಿದಳು. "ಅಲ್ರೀ ಕೇಳೋರೆ, ಮಂಡಕ್ಕಿ ಮೆಣಸಿನಕಾಯಿ ತಿಂದು ದುಡ್ಡು ಕೊಡದ ಎದ್ದು ಬರ್ತೀರೇನು? ಈ ಮನುಷ್ಯ ಬೇಸಿಗ್ಯಾಗ ಕೌದಿ ಹೊದ್ಕಂಡು ಬೆವೆತು ನಿಮ್ಮನ್ನ ನಗಿಸ್ತಾನ. ಇದ್ದೋರು ಹತ್ತೋ ಇಪ್ಪತ್ತೋ ಹಾಕ್ರಿ. ಇಲ್ಲದೋರು ಸುಮ್ನ ಕೇಳ್ರಿ, ಏನೂ ಬ್ಯಾಸ್ರ ಇಲ್ಲ. ಹಾಕಿಲ್ಲ ಅಂತ ಯಾರ ಮನಿ ಬಾಗ್ಲಿಗೂ ನಾನು ಬರಂಗಿಲ್ಲ. ಅಷ್ಟೆ, ನನಗ ಸಾರು ಉಕ್ಕಾಕತ್ತೈತೆ."

ಬಕ್ಕೇಶಪ್ಪ ಅದನ್ನು ತೆಗೆದುಹಾಕು ಅಂತ ಕೈಮುಗಿದು ಬೇಡಿಕೊಂಡ. ಇಮ್ರಾನ್ ಹೂಂ ಅಂದು, ಸಾರು ಉಕ್ಕಿದ ಸದ್ದಿನ ಸಮೇತ ಹಾಗೇ ಬಿಟ್ಟುಬಿಟ್ಟ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ದುಡ್ಡು ಬರಲು ಹತ್ತಿತು. ಅಂಗಡಿಗಳಲ್ಲಿ ಇರುವಂಥ ಸೌಂಡ್ ಬಾಕ್ಸ್ ಒಂದನ್ನು ಇಮ್ರಾನ್ ತಂದು ಬಕ್ಕೇಶಪ್ಪನ ಮನೆಯ ಗೋಡೆಗೂಡಿನಲ್ಲಿಟ್ಟಿದ್ದ. "ಹತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಅದರೊಳಗಿನ ಹೆಣ್ಣುದನಿ ಒಂದೇ ಸಮನೆ ಹೇಳತೊಡಗಿದಾಗ ಬಕ್ಕೇಶಪ್ಪ ಕಣ್ಣು ಮುಚ್ಚಿ ಕೇಳಿದ. "ಉಚ್ಚಾರ ಚಲೋ ಐತೆ. ಆದ್ರ ಭಾವನೆ ಇಲ್ಲ" ಅಂದ. ದುಡ್ಡಿನ ಜೊತೆ ಚೀಟಿಯಂತೆ ಮಾತುಗಳೂ ಬರುತ್ತಿದ್ದವು. 'ಎಮ್ಮೆಯ ಹುಲ್ಲಿಗೆ' ಅಂತ ಒಬ್ಬರು. 'ಅಮ್ಮಾರಿಗೆ ಮಾತ್ರ, ಅಪ್ಪಾರಿಗಲ್ಲ' ಅಂತ ಇನ್ನೊಬ್ಬರು. ಕೊಂಡಜ್ಜಿಯಿಂದ ಒಬ್ಬರು ಬರೀ ಒಂದು ರೂಪಾಯಿ ಹಾಕಿ, 'ಏಳಲ್ಲ, ಆರು ಎಮ್ಮೆ. ಒಂದು ಕೋಣ' ಅಂತ ತಿದ್ದಿದ್ದರು. ಫೋನಿನಲ್ಲಿ ದುಡ್ಡು ಹಾಕಲು ಬಾರದ ಖತೀಜಾಬೀ ಅನ್ನುವ ಮುದುಕಿ ಸಾರಥಿ ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಎರಡು ಸೇರು ಅಕ್ಕಿ ಸುರಿದು, ಚಾ ಕೂಡ ಕುಡಿಯದೆ ಹೋದಳು.

ರೆಕಾರ್ಡರಿಗೆ ಇನ್ನೂ ಸಾಲದು ಅನ್ನುವಾಗ ಒಂದು ದಿನ ಸೌಂಡ್ ಬಾಕ್ಸ್ "ಹತ್ತು ಸಾವಿರ ರೂಪಾಯಿ" ಅಂತು. ಗಂಡ ಹೆಂಡತಿ ಇಬ್ಬರೂ ಗೂಡಿನ ಹತ್ತಿರ ಓಡಿದರು. ಹಿಂದೆಯೇ ಫೋನ್ ಬಂತು.

"ನಾನು ಮಂಡಿಪೇಟೆ ಕೆಂಚವೀರಪ್ಪ. ಮುಟ್ತೇನ್ರಿ? ಹೋದ ವಾರದ ಕಥಿಯಾಗ ಒಂದ್ ಸಣ್ಣ ತಿದ್ದುಪಡಿ ಆಗಬೇಕಾಗಿತ್ತು. ಅಂಗಡಿ ಕಡೆ ಬರ್ರಿ."

ಹೋದ ವಾರದ ಕಥೆ ದಾವಣಗೆರೆ ಮಂಡಿಪೇಟೆಯ ಒಬ್ಬ ಸಗಟು ವ್ಯಾಪಾರಿಯದು. ಉಂಗುರ ಕಳೆದಿದೆ, ತಂದುಕೊಟ್ಟವರಿಗೆ ಸೂಕ್ತ ಬಹುಮಾನ ಅಂತ ಅವರು ಬಕ್ಕೇಶಪ್ಪನ ಕೈಲಿ ಕೂಗಿಸಿದ್ದರು. ಒಬ್ಬ ಹಮಾಲ ಅದನ್ನು ತಂದುಕೊಟ್ಟಾಗ ಅವನ ಕೈಗೆ ಬಂದದ್ದು ಅರ್ಧ ತೆಂಗಿನಕಾಯಿ. ಬಕ್ಕೇಶಪ್ಪ ಹೆಸರು ಹೇಳಿರಲಿಲ್ಲ. ಮಂಡಿಪೇಟೆಗೆ ಹೆಸರು ಬೇಕಾಗಿರಲಿಲ್ಲ.

ಮರುದಿನ ಬಕ್ಕೇಶಪ್ಪ ಒಬ್ಬನೇ ದಾವಣಗೆರೆಗೆ ಹೋದ. ಕೆಂಚವೀರಪ್ಪ ಗಾದಿಯ ಮೇಲೆ ಕೂಡಿಸಿ ಚಾ ತರಿಸಿದರು.

"ಅವರು ನಮ್ ಅಪ್ಪಾಜಿ. ಮನ್ಯಾಗ ಸೊಸಿ, ಮೊಮ್ಮಕ್ಳು ಎಲ್ಲ ನಗಾಕತ್ಯಾರ. ನಾನು ಜಾಸ್ತಿ ಏನ್ ಕೇಳಲ್ಲ ಬಕ್ಕೇಶಪ್ಪಾರೆ. ಅರ್ಧ ಕಾಯಿ ಅಂದೀರಲ್ಲ, ಅದನ್ನ ಪೂರ್ತಿ ಕಾಯಿ ಮಾಡ್ರಿ."

ಬಕ್ಕೇಶಪ್ಪನ ಮನಸ್ಸು ತೂಗಾಡಿತು. ಅರ್ಧ ಕಾಯಿಗೆ ಹತ್ತು ಸಾವಿರ! ಇಡೀ ಮಂಡಿಪೇಟೆಯಲ್ಲಿ ಇಂಥ ರೇಟು ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಹೊಸ ರೆಕಾರ್ಡರ್ ಬರುತ್ತದೆ; ಕಾಯಿ ಅರ್ಧವಾದರೇನು, ಪೂರ್ತಿಯಾದರೇನು? ಆದರೆ ಇವತ್ತು ಕಾಯಿ ಪೂರ್ತಿ ಆದರೆ ನಾಳೆ ಇನ್ನೊಬ್ಬರು ಬಂದು ಎಮ್ಮೆಯನ್ನು ಬಿಳಿ ಮಾಡಿಸುತ್ತಾರೆ. ಹತ್ತು ರೂಪಾಯಿ ಹಾಕಿದವರು ಯಾರೂ ಏನನ್ನೂ ಬದಲಿಸು ಅಂದಿರಲಿಲ್ಲ. ಕೋಣ ಅಂತ ತಿದ್ದಿದವರೂ ಕೂಡ ನಿಜವನ್ನೇ ಹೇಳಿದ್ದರು. ಚಾದ ಲೋಟ ಕೆಳಗಿಟ್ಟ.

"ಈ ದುಡ್ಡು ಬ್ಯಾಡ್ರಿ ಯಜಮಾನ್ರೆ, ವಾಪಸ್ ಹಾಕಸ್ತೀನಿ. ಕೊಡೋದಾದ್ರ ಎಲ್ಲರಂಗೆ ನೂರು ರೂಪಾಯಿ ಕೊಡ್ರಿ. ನಾನೇ ಬಾಯಿಬಿಟ್ಟು ಕೇಳಾಕತ್ತೀನಿ. ಕಥಿ ಮಾತ್ರ ಹೆಂಗೈತೋ ಹಂಗೇ ಇರುತ್ತೆ."

ಮಾತು ಮುಗಿದ ಮೇಲೆಯೇ ಅವನಿಗೆ ತಾನು ಏನು ಮಾಡಿದೆ ಅಂತ ಹೊಳೆದದ್ದು. ತನಗಾಗಿ ಕೇಳಿದ್ದ, ಅದೂ ಮುಖಾಮುಖಿ.

ಕೆಂಚವೀರಪ್ಪನವರ ಮುಖ ಕೆಂಪಾಯಿತು. "ಅಲ್ಲಿ ನಡೆದಿದ್ದು ಏನಂತ ನಿಮಗ ಗೊತ್ತೇನ್ರಿ? ನಾನಿದ್ದೆ ಅಲ್ಲಿ!"

"ಹಂಗಾದ್ರ ಬಂದು ನೀವೇ ಹೇಳ್ರಿ. ಒಂದಕ್ಷರ ತೆಗೆಯಂಗಿಲ್ಲ."

ಆ ಶುಕ್ರವಾರವೇ ಕೆಂಚವೀರಪ್ಪ ಬಿಳಿ ಜುಬ್ಬಾ ತೊಟ್ಟು ಕಾರಿನಲ್ಲಿ ಹರಿಹರಕ್ಕೆ ಬಂದರು. ಕೌದಿ ನೋಡಿ ಹಿಂಜರಿದರು. ಶಕುಂತಲಮ್ಮ, "ಒಗೆದೀನ್ರಿ, ಕೂಡ್ರಿ" ಅಂದಳು. ನೂರು ಕಿಲೋ ತೂಗುವ ಆ ವ್ಯಾಪಾರಿ, ಕಡ್ಡಿಯಂಥ ಬಕ್ಕೇಶಪ್ಪ, ಇಬ್ಬರೂ ಒಂದೇ ಕೌದಿಯೊಳಗೆ ಸೇರಿದಾಗ ಮಂಚ ಕಿರುಗುಟ್ಟಿತು. ಇಮ್ರಾನ್ ನಗು ತಡೆಯಲಾರದೆ ಹಿತ್ತಲಿಗೆ ಓಡಿಹೋದ.

ಕೆಂಚವೀರಪ್ಪ ತಂದೆಯ ಘನತೆಯಿಂದಲೇ ಶುರುಮಾಡಿದರು. ಅಪ್ಪಾಜಿ ಬರಿಗಾಲಲ್ಲಿ ಮಂಡಿಪೇಟೆಗೆ ಬಂದದ್ದು, ಮೂಟೆ ಹೊತ್ತದ್ದು, ಒಂದು ಬೆಂಕಿಕಡ್ಡಿಯನ್ನು ಸೀಳಿ ಎರಡು ಮಾಡಿ ಬಳಸುತ್ತಿದ್ದದ್ದು. ಕತ್ತಲು, ಸೆಕೆ, ಎದುರಿಗೆ ಯಾರ ಮುಖವೂ ಕಾಣದು. ಹೇಳುತ್ತಾ ಹೇಳುತ್ತಾ ಅವರ ದನಿ ಸಡಿಲವಾಯಿತು.

"ಅರ್ಧ ಕಾಯಿ ಅಂದಿದ್ದು ಸುಳ್ಳು" ಅಂದರು. ಬಕ್ಕೇಶಪ್ಪ ಯಂತ್ರವನ್ನು ಅವರ ಬಾಯಿಯ ಹತ್ತಿರಕ್ಕೆ ಸರಿಸಿದ. "ಅರ್ಧ ಕಾಯಿ ಕೊಟ್ಟಿದ್ದು ಖರೆ. ಆದ್ರ ಅವನು ಮೆಟ್ಲು ಇಳಿಯುವಾಗ ಅಪ್ಪಾಜಿ ಕರೆದು... ಕರೆದು..." ಮುಂದೆ ಹೇಳಲಾಗದೆ ಕೌದಿಯೇ ಕುಲುಕತೊಡಗಿತು. "ಕಾಯಿ ತುರ್ಕಂಡು ಚಿಪ್ಪು ವಾಪಸ್ ತಂದ್ಕೊಡು ಅಂದ್ರು! ಅವನು ತಂದುಕೊಟ್ಟನ್ರಿ! ಅದು ಈಗಲೂ ನಮ್ಮನ್ಯಾಗ ಉಪ್ಪಿನ ಡಬ್ಬಿಯೊಳಗೈತೆ!"

ಇಬ್ಬರೂ ಕೌದಿಯಿಂದ ಹೊರಬಿದ್ದಾಗ ಕಣ್ಣಲ್ಲಿ ನೀರು. ಬೆವರೋ, ನಗುವೋ, ಅಪ್ಪಾಜಿಯ ನೆನಪೋ. ಕೆಂಚವೀರಪ್ಪ ಮುಖ ಒರೆಸಿಕೊಂಡು, ಫೋನ್ ತೆಗೆದು, ನೂರು ರೂಪಾಯಿ ಹಾಕಿದರು. ಒಂದು ಪೈಸೆ ಹೆಚ್ಚಿಲ್ಲ.

ಆ ವಾರದ ಕಥೆಯನ್ನು ಕೇಳಿದಷ್ಟು ಜನ ಬೇರೆ ಯಾವುದನ್ನೂ ಕೇಳಿಲ್ಲ. ಆ ತಿಂಗಳೇ ರೆಕಾರ್ಡರ್ ಬಂತು, ಜಾಗದ ಬಾಡಿಗೆಯೂ ಕಟ್ಟಿಯಾಯಿತು. ಇಮ್ರಾನ್‌ನ ದುಡಿಮೆಗೂ ಈಗ ಅಷ್ಟಿಷ್ಟು ಸಿಗುತ್ತದೆ. ಬಕ್ಕೇಶಪ್ಪನಿಗೆ ಉಳಿಯುವುದು ಹಳೆಯ ಆದಾಯದ ಅರ್ಧವೂ ಅಲ್ಲ. ಆದರೆ ಯಾರೋ ಬರೆದುಕೊಟ್ಟ ಚೀಟಿಯನ್ನು ಓದಬೇಕಾಗಿಲ್ಲ. ಕಥೆ ಮುಗಿದ ಮೇಲೆ ದುಡ್ಡು ಕೇಳುವ ಕೆಲಸ ಮಾತ್ರ ಇವತ್ತಿಗೂ ಶಕುಂತಲಮ್ಮನದೇ. ಕೆಲವರು ಕಥೆಯನ್ನು ಹಾರಿಸಿ ನೇರ ಅವಳಿಗೇ ಹೋಗುತ್ತಾರೆ ಅಂತ ಇಮ್ರಾನ್ ಲೆಕ್ಕ ತೋರಿಸಿದ ದಿನ ಬಕ್ಕೇಶಪ್ಪ ಸಂಜೆಯವರೆಗೆ ಕೌದಿಯಿಂದ ಹೊರಗೆ ಬರಲಿಲ್ಲ.

ಮೊನ್ನೆ ಇಬ್ಬರೂ ಸಂತೆಗೆ ಹೋಗಿದ್ದರು. ಶಕುಂತಲಮ್ಮ ಬದನೆಕಾಯಿಯ ದರ ವಿಚಾರಿಸಿದ್ದೇ ತಡ, ದನಿ ಗುರುತಿಸಿ ತರಕಾರಿಯವಳು ತಕ್ಕಡಿ ಬಿಟ್ಟು ಎದ್ದುನಿಂತಳು.

"ಅಮ್ಮಾರೆ, ಕೌದಿ ಅಮ್ಮಾರು ನೀವೇ ಅಲ್ವೇನ್ರಿ? ನಾನು ಎಂಟು ತಿಂಗಳಿಂದ ಪುಕ್ಕಟ ಕೇಳಾಕತ್ತೀನಿ" ಅಂದವಳೇ, ಬೇಡ ಬೇಡ ಅಂದರೂ ಬಿಡದೆ ಎಳೆ ಬದನೆಕಾಯಿಗಳನ್ನು ಆರಿಸಿ ಆರಿಸಿ ಚೀಲಕ್ಕೆ ತುಂಬಿದಳು. ಚೀಲ ಹಿಡಿದು ನಿಂತಿದ್ದ ಬಕ್ಕೇಶಪ್ಪನ ಕಡೆ ನೋಡಿ, "ಸ್ವಲ್ಪ ಅಗಲಕ್ಕ ಹಿಡೀರಿ ಯಜಮಾನ್ರೆ" ಅಂದಳು.

ಬಕ್ಕೇಶಪ್ಪ ಅಗಲಕ್ಕೆ ಹಿಡಿದ.